ಮಾಬುಸಾಬನ ಕೆಂಪು ಕೈಗೆ ಪುರಾವೆ

ಹೋದ ಗುರುವಾರ ಎಂಬತ್ತು ದಾಟಿದ ಹಿರಿಯರೊಬ್ಬರಿಗೆ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ. ಅವರು ಚಹಾ ಕುಡಿಸಿ ಕಳಿಸಿದರು.

ವಿಷಯ ಇಷ್ಟು. ಕಮ್ಯುನಿಸಂನ ಇತಿಹಾಸಕ್ಕೆಂದೇ ಮೀಸಲಾದ ಜರ್ನಲ್ಲೊಂದು ವಿದೇಶದಲ್ಲಿದೆ. ದುಡಿಯುವವರ ಬಗ್ಗೆ, ದುಡಿಯುವವರು ಯಾರೂ ಓದಲಾಗದಂತೆ ಬರೆಯುವುದು ಅದರ ಶಿಸ್ತು. ಅದರಲ್ಲೊಂದು ಲೇಖನ ಬಂದರೆ ನನ್ನಂಥ ಕಾಲೇಜು ಮಾಸ್ತರನಿಗೆ ಪ್ರಮೋಷನ್ ಹತ್ತಿರವಾಗುತ್ತದೆ. (ಕ್ರಾಂತಿ ಹತ್ತಿರವಾಗುತ್ತದೆಯೇ ಅಂತ ಕೇಳಬೇಡಿ.)

ಬೆಟಗೇರಿಯ ನೇಕಾರರ ಹಳೆಯ ಮುಷ್ಕರದ ಬಗ್ಗೆ ಬರೆಯಲು ಕೂತೆ. ಅದರಲ್ಲಿದ್ದವರ ಪೈಕಿ ಈಗ ಉಳಿದವರು ಈರಪ್ಪಜ್ಜ ಒಬ್ಬರೇ. ಅವರು ಕೇಳಿದ್ದು ಒಂದೇ.

"ನನ್ನ ಹೆಸರು ಬಿಡ್ರಿ ಸರ, ನಮ್ಮ ಮಾಬುಸಾಬಂದು ಹಾಕ್ರಿ. ಸೀರಿ ನೂಲಿಗಿ ಬಣ್ಣ ಹಾಕಾಂವ. ಬಾವುಟದ ಅರಿವಿ ಎಲ್ಲಾ ಅಂವನ ಕೆಂಪ ಮಾಡಿದ್ದ. ಪೊಲೀಸ್ರು ಬಂದು ಎಲ್ಲಾರ ಕೈ ನೋಡಿದ್ರು. ಎಷ್ಟ ತಿಕ್ಕಿದ್ರೂ ಅಂವನ ಕೈ ಬೆಳ್ಳಗ ಆಗ್ಲಿಲ್ಲ. ಹಣ್ಣಗಾಯಿ ನೀರಗಾಯಿ ಮಾಡಿದ್ರು ನೋಡ್ರಿ. ಸತ್ತರೂ ನಮ್ಮ ಹೆಸರು ಬಾಯಿ ಬಿಡ್ಲಿಲ್ಲ. ಅಂವ ಹೋಗಿ ಭಾಳ ವರ್ಷ ಆತು."

ಬರೆದೆ, ಕಳಿಸಿದೆ. ಅಲ್ಲಿ ತಜ್ಞರೊಬ್ಬರು ಪರಿಶೀಲಿಸಿದರು. ಅವರ ಹೆಸರು ಗುಟ್ಟು, ಅದು ಜರ್ನಲ್ಲಿನ ನಿಯಮ. ಆ ಹೆಸರಿಲ್ಲದ ಮಹಾಶಯರು ಕೇಳಿದರು: ಮಾಬುಸಾಬ ಎಂಬ ಹೆಸರಿಗೆ ಲಿಖಿತ ದಾಖಲೆ ಏನಿದೆ?

ಏನಿದೆ? ಪೊಲೀಸರು ಬಡಿದು ಬಿಟ್ಟರೇ ಹೊರತು ಕೇಸು ಬರೆಯಲಿಲ್ಲ. ಸಂಘದ ಕಾಗದ ಗೆದ್ದಲಿನ ಪಾಲಾಗಿದೆ. ಅವತ್ತು ಪೊಲೀಸರಿಗೆ ಕೈ ಸಾಕಾಗಿತ್ತು, ಇವತ್ತು ಪಂಡಿತರಿಗೆ ಕಾಗದವೇ ಬೇಕು.

ನಾನೇನು ಜಗಳವಾಡಿದೆನೇ? ಛೆ ಛೆ, ನಾನು ಸುಶಿಕ್ಷಿತ! ಮಾಬುಸಾಬನನ್ನು ತೆಗೆದು 'ಒಬ್ಬ ಅನಾಮಿಕ ಕಾರ್ಮಿಕ' ಎಂದು ತಿದ್ದಿದೆ. ಒಂದೇ ವಾರದಲ್ಲಿ ಒಪ್ಪಿಗೆ ಬಂತು.

ಗುರುವಾರ ಅಚ್ಚಾದ ಪ್ರತಿ ಹಿಡಿದು ಅಜ್ಜನ ಮನೆಗೆ ಹೋದೆ. (ಅಜ್ಜನ ಜೊತೆ ಫೋಟೊ ತೆಗೆದು ಸ್ಟೇಟಸ್ಸಿಗೆ ಹಾಕಬೇಕಿತ್ತಲ್ಲ!) ಅಜ್ಜ ಎದ್ದು ಹೋಗಿ ಕೈ ತೊಳೆದು, ಧೋತರಕ್ಕೆ ಒರೆಸಿಕೊಂಡು ಬಂದು ಪುಸ್ತಕ ಮುಟ್ಟಿದರು.

"ನಮ್ಮ ಮಾಬುಂದು ಎಲ್ಲಿ ಐತ್ರಿ ಸರ? ಇಂಗ್ಲೀಷ್ ನನಗ ಬರೂದಿಲ್ಲ. ಬೆರಳಿಟ್ಟು ತೋರಸ್ರಿ."

ಆ ಪುಟದಲ್ಲಿ ದಪ್ಪಕ್ಷರದ ಹೆಸರು ಒಂದೇ ಇತ್ತು. ಲೇಖಕರದು, ಅಂದರೆ ನನ್ನದು. ಅದರ ಮೇಲೆ ಬೆರಳಿಟ್ಟೆ.

ಅಜ್ಜ ಕನ್ನಡಕ ತೆಗೆದು ಆ ಪುಟವನ್ನು ಕಣ್ಣಿಗೊತ್ತಿಕೊಂಡರು. "ಬಂತಲ್ಲಲೇ ಮಾಬೂ ನಿನ್ನ ಹೆಸರು! ಅದೂ ಇಷ್ಟ ದಪ್ಪ ಅಕ್ಷರದಾಗ!" ಎಂದು ಅತ್ತೇಬಿಟ್ಟರು. ಅಷ್ಟರಲ್ಲಿ ಚಹಾ ಬಂತು. ನಾಚಿಕೆಯಿಂದ ಸತ್ತು ಹೋಗುವಂತಾಗಿತ್ತು, ಆದರೂ ಕುಡಿದೆ.

ಮಾಬುಸಾಬ, ನೂಲಿಗೆ ಬಣ್ಣ ಹಾಕುವವರು, ಬೆಟಗೇರಿ. ಈ ಪತ್ರಿಕೆಯವರು ನನ್ನ ಬಳಿ ದಾಖಲೆ ಕೇಳುವುದಿಲ್ಲ, ಹಾಗಾಗಿ ಇಲ್ಲಿ ಬರೆದಿದ್ದೇನೆ.

ಈರಪ್ಪಜ್ಜನಿಗೆ ಇಂಗ್ಲಿಷ್ ಬರುವುದಿಲ್ಲ ನಿಜ, ಆದರೆ ಈ ಅಂಕಣವನ್ನು ಅವರು ಒಂದು ವಾರವೂ ತಪ್ಪಿಸುವುದಿಲ್ಲ.