ಸೇತುವೆಯ ನಡುವೆ ಲತಕ್ಕ ಕುಸಿದದ್ದು

ಲತಕ್ಕ, ಅವತ್ತು ತೂಗುಸೇತುವೆಯ ನಡುವೆ ನೀವು ಕುಸಿದು ಕೂತದ್ದು ತಲೆ ತಿರುಗಿ ಅಲ್ಲ. ಸೇತುವೆಯನ್ನು ಕುಲುಕಿದವಳು ನಾನು — ಬೇಕೆಂದೇ ಕುಲುಕಿದೆ.

ಆ ಸೇತುವೆಯನ್ನು ನೋಡಲೆಂದೇ ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ಫೋಟೊ ತೆಗೆದುಕೊಂಡು ಹೋಗುತ್ತಾರೆ. ಹೊಳೆಯಾಚೆಯ ನಮಗೆ ಅದು ಪೇಟೆಗೆ ಹೋಗುವ ದಾರಿ. ಹಾಗಾಗಿ ನಮ್ಮಲ್ಲಿ ಸಂಬಂಧ ಕುದುರುವ ಮೊದಲು ಹುಡುಗಿ ಒಮ್ಮೆ ಸೇತುವೆ ದಾಟಿ ಮನೆಗೆ ಬರಬೇಕು. ಪರೀಕ್ಷೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಅದು ಪರೀಕ್ಷೆಯೇ.

ನನ್ನ ಅಣ್ಣನಿಗೆಂದು ನಿಮ್ಮನ್ನು ಕರೆಸಿದ್ದೆವು. ಅಮ್ಮ, ಅಣ್ಣ ಮುಂದೆ, ನಡುವೆ ನೀವು, ಹಿಂದೆ ಸೈಕಲ್ ದೂಡಿಕೊಂಡು ನಾನು. ಆಚೆ ದಡ ಮುಟ್ಟಿದ ಅಮ್ಮ ತಿರುಗಿ ನೋಡಿ ಕೂಗಿ ಹೇಳಿದರು: "ನೋಡು ಜಯಂತಿ, ಕೈ ಸಹ ಹಿಡಿಯದೆ ಬರ್ತಾಳೆ. ನೀನು ಎಷ್ಟು ವರ್ಷ ನನ್ನ ಸೆರಗು ಹಿಡ್ಕೊಂಡಿದ್ದಿ ಮಾರಾಯ್ತಿ."

ನೀವು ನಕ್ಕಿರಿ. ನನಗೆ ಮೈಯೆಲ್ಲ ಉರಿಯಿತು — ಅಷ್ಟೇ ಕಾರಣ, ಬೇರೆ ಏನೂ ಇಲ್ಲ. ಅವರಿಬ್ಬರೂ ಬೆನ್ನು ತಿರುಗಿಸಿ ಮೆಟ್ಟಿಲು ಹತ್ತುವಾಗ ನಾನು ಕಾಲು ಅಗಲಿಸಿ ನಿಂತು ಎಡಕ್ಕೊಮ್ಮೆ, ಬಲಕ್ಕೊಮ್ಮೆ ಭಾರ ಹಾಕಿದೆ. ಸೇತುವೆ ತೂಗಾಡತೊಡಗಿತು. ನೀವು ಹಲಗೆಗೆ ಆತು ಕೂತಿರಿ, ಮೊಣಕಾಲು ತರಚಿತು, ತಿರುಗುವುದು ನಿಮ್ಮ ತಲೆಯೇ ಎಂದು ನಂಬಿದಿರಿ. ಸಾಕು ಅನ್ನಿಸಿದ ಮೇಲೂ ನಾನು ಇನ್ನೊಂದೆರಡು ಸಲ —

ಅಣ್ಣ ಓಡಿ ಬಂದು ನಿಮ್ಮ ಕೈ ಹಿಡಿದು ಎಬ್ಬಿಸಿದ. "ಎಂಥ ಆಯ್ತು ಅವಳಿಗೆ?" ಎಂದು ಅಮ್ಮ ನನ್ನನ್ನು ಕೇಳಿದರು.

"ಗೊತ್ತಿಲ್ಲಮ್ಮ. ನಡೀತಾ ಇದ್ದವರು ಒಮ್ಮೆಲೇ ಕೂತುಬಿಟ್ರು."

ದಿನಾ ಸೇತುವೆ ದಾಟುವ ಮನೆಗೆ ತಲೆ ತಿರುಗುವ ಹುಡುಗಿ ಬೇಡವೆಂದಾಯಿತು. ಆ ಮಾತು ನಿಮ್ಮ ಊರು ಬಂಟ್ವಾಳ ತಲುಪುವಾಗ ನಿಮಗೆ ಫಿಟ್ಸ್ ಉಂಟಂತೆ ಎಂದಾಗಿತ್ತು. ಬಂದ ಸಂಬಂಧಗಳು ಒಂದೊಂದಾಗಿ ಹಿಂದೆ ಸರಿದವು. ಎಷ್ಟೋ ವರ್ಷ ತಡವಾಗಿ ಮುಂಡಾಜೆಗೆ ಮದುವೆಯಾಗಿ ಹೋದಿರಿ. ಎಲ್ಲ ನನ್ನ ಕಿವಿಗೆ ಬೀಳುತ್ತಿತ್ತು. ಬಾಯಿ ಮುಚ್ಚಿಕೊಂಡು ಇದ್ದೆ.

ಕಳೆದ ತಿಂಗಳು ಮೂಡುಬಿದಿರೆಯ ಮದುವೆಯಲ್ಲಿ ಸಿಕ್ಕಿದಿರಿ. ಗೆಳತಿಯರೆಲ್ಲ ಸೈಕಲಿನಲ್ಲಿ ತೂಗುಸೇತುವೆ ನೋಡಲಿಕ್ಕೆ ಹೋಗುತ್ತಾರೆ, ತಾನೂ ಹೋಗುತ್ತೇನೆ ಎಂದು ನಿಮ್ಮ ಮಗಳು ಹಟ ಹಿಡಿದಿದ್ದಳು. "ಬೇಡ ಮಗಾ, ನಮಗೆ ತಲೆ ತಿರುಗುವುದು ರಕ್ತದಲ್ಲೇ ಉಂಟು" ಎಂದು ನೀವು ನನ್ನ ಕಡೆ ತಿರುಗಿದಿರಿ. "ನೀನೇ ಹೇಳು ಜಯಂತಿ, ಅವತ್ತು ನೀನು ನೋಡಿದ್ದಿಯಲ್ಲ?"

ನಾನು ಹೌದೆಂದು ತಲೆಯಾಡಿಸಿದೆ. ಮೊದಲನೆಯದು ಹುಡುಗಾಟಿಕೆ ಎಂದಾದರೂ ಹೇಳಿಕೊಳ್ಳಬಹುದಿತ್ತು. ಇದು —

ನಿನ್ನೆ ಅಮ್ಮನಿಗೂ ಅಣ್ಣನಿಗೂ ಹೇಳಿದೆ. ಅಣ್ಣ ಊಟ ಅರ್ಧಕ್ಕೆ ಬಿಟ್ಟು ಎದ್ದು ಹೋದ. ಆದಿತ್ಯವಾರ ಮುಂಡಾಜೆಗೆ, ನಿಮ್ಮ ಮನೆಗೆ ಬರುತ್ತೇನೆ. ಮಗಳ ಎದುರೇ ಹೇಳುತ್ತೇನೆ. ನನ್ನನ್ನು ಕ್ಷಮಿಸಬೇಡಿ, ಲತಕ್ಕ. ಅವಳನ್ನು ಮಾತ್ರ ಗೆಳತಿಯರ ಜೊತೆ ಕಳಿಸಿಕೊಡಿ.