ಕಾನ್ಹೇರಿಯ ಮರಿಕೋತಿ

ಮೊನ್ನೆ ಭಾನುವಾರ ಮಗಳ ಜೊತೆ ಕಾನ್ಹೇರಿಗೆ ಹೋಗಲು ಬೋರಿವಲಿ ಲೋಕಲ್ ರೈಲು ಹತ್ತಿದ್ದೆ. ಎದುರಿನ ಸೀಟಿನವರು ಮಸಾಲೆ ಚಿಪ್ಸ್ ಪ್ಯಾಕೆಟ್ ಒಡೆದರು. ಆ ವಾಸನೆಗೆ ದೊಡ್ಡಮ್ಮ ನೆನಪಾದರು.

ನಾನು ಚಿಕ್ಕವಳಿದ್ದಾಗ ನಾವು ಕಾಂದಿವಲಿಯಲ್ಲಿದ್ದೆವು. ಅಪ್ಪನಿಗೆ ಹೋಟೆಲಿನಿಂದ ರಜೆ ಸಿಕ್ಕಿದರೆ ದೊಡ್ಡಮ್ಮನೂ ಸೇರಿ ಎಲ್ಲರೂ ಹತ್ತಿರದ ಕಾಡಿನಲ್ಲಿರುವ ಕಾನ್ಹೇರಿ ಗುಹೆಗೆ ಹೋಗುತ್ತಿದ್ದೆವು. ಮಕ್ಕಳಾದ ನಮಗೆ ಗುಹೆಗಿಂತ ಅಲ್ಲಿನ ಕೋತಿಗಳೇ ಇಷ್ಟ. ಬಂದವರೆಲ್ಲ ಅವುಗಳಿಗೆ ಚಿಪ್ಸ್, ಬಿಸ್ಕತ್ತು ಎಸೆಯುತ್ತಿದ್ದರು, ನಾವೂ ಎಸೆಯುತ್ತಿದ್ದೆವು.

ಒಮ್ಮೆ ಯಾರೋ ಬಿಟ್ಟುಹೋದ ಪ್ಲಾಸ್ಟಿಕ್ ಡಬ್ಬಿಯೊಳಗೆ ಮರಿಕೋತಿಯೊಂದರ ತಲೆ ಸಿಕ್ಕಿಕೊಂಡಿತು. ಅದು ದಾರಿ ಕಾಣದೆ ಕಲ್ಲಿನ ಮೆಟ್ಟಿಲಿಗೆ ಡಬ್ಬಿ ಬಡಿಯುತ್ತಾ ತಿರುಗಿತು. ಜನ ಸುತ್ತುಗಟ್ಟಿ, ನಗುತ್ತಾ ಫೋಟೊ ತೆಗೆದರು. ತಾಯಿ ಹತ್ತಿರ ಬರಲು ಹೆದರಿ ಬಂಡೆಯ ಮೇಲೆ ಕಿರುಚುತ್ತಿತ್ತು.

ದೊಡ್ಡಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಹೋದರು. ಉಡುಪಿ ಬಿಟ್ಟು ವರ್ಷಗಳಾದರೂ ಅವರ ಹಿಂದಿ ಅಷ್ಟಕ್ಕಷ್ಟೇ. "ಪೀಛೆ ಜಾವ್. ಮಾ ಕೋ ಆನೆ ದೋ," ಎಂದರು, ಹಿಂದೆ ಸರಿದು ತಾಯಿಗೆ ಬರಲು ಬಿಡಿ ಎಂದು. ಯಾರೂ ಕದಲಲಿಲ್ಲ. ಆಗ ನಮ್ಮತ್ತ ತಿರುಗಿ, "ಮೊದ್ಲು ನೀವು ಹಿಂದೆ ಹೋಗಿ ಮಕ್ಳೇ," ಎಂದರು. ನಾವು ಸರಿದೆವು. ನಮ್ಮನ್ನು ನೋಡಿ ಉಳಿದವರೂ ಒಬ್ಬೊಬ್ಬರಾಗಿ ಸರಿದರು.

ಜಾಗ ಖಾಲಿಯಾದದ್ದೇ ತಾಯಿ ಇಳಿದು ಬಂತು. ಡಬ್ಬಿಯನ್ನು ಕಾಲಲ್ಲಿ ಒತ್ತಿ ಹಿಡಿದು ಮರಿಯನ್ನು ಎಳೆದು ಬಿಡಿಸಿತು. ಎದೆಗವಚಿಕೊಂಡು ಮರ ಹತ್ತಿತು. ದೊಡ್ಡಮ್ಮ ಆ ಡಬ್ಬಿಯನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು. ಅಲ್ಲಿಂದಾಚೆ ನಮ್ಮ ಮನೆಯವರು ಯಾರೂ ಅಲ್ಲಿ ತಿಂಡಿ ಬಿಚ್ಚಲಿಲ್ಲ.

ಮೊನ್ನೆ ನಾವು ಹೋದಾಗ ಅತ್ತಿಮರದಲ್ಲಿ ಕೋತಿಗಳ ಹಿಂಡು ಹಣ್ಣು ತಿನ್ನುತ್ತಿತ್ತು. "ಮಮ್ಮಿ, ನಮ್ಮನ್ನ ನೋಡ್ತಾನೇ ಇಲ್ಲ," ಎಂದಳು ಮಗಳು, ಸ್ವಲ್ಪ ಬೇಜಾರಿನಿಂದ. ನನಗೆ ಅದೇ ಖುಷಿ. ಇಬ್ಬರೂ ಕೆಳಗೆ ಕೂತು ಬಹಳ ಹೊತ್ತು ನೋಡಿದೆವು.