ಎಳೆ ಹರಿಯುವ ಯಂತ್ರ

ನನ್ನ ಅತ್ತೆ ಬನಹಟ್ಟಿಯಿಂದ ಜಮಖಂಡಿಯ ನಮ್ಮ ಮನೆಗೆ ಬಂದಾಗ ನಾನು ಮೌನದ ಹುಚ್ಚಿನಲ್ಲಿದ್ದೆ. ಮೂರು ದಿನದ ಧ್ಯಾನ ಶಿಬಿರವೊಂದನ್ನು ಮುಗಿಸಿ ಬಂದು, ಮನೆಯಲ್ಲಿ ಸದ್ದು ಮಾಡುವ ವಸ್ತುಗಳನ್ನೆಲ್ಲ ಒಂದೊಂದಾಗಿ ಹಿಡಿದು ಬಾಯಿ ಮುಚ್ಚಿಸಿದ್ದೆ. ಬಾಗಿಲ ಗಂಟೆಯನ್ನು ಗುಂಡಿಯ ಸಮೇತ ಕಿತ್ತು, ಹೊಸ ಗುಂಡಿ ಒತ್ತಿದರೆ ಒಳಗೊಂದು ದೀಪ ಮಿನುಗುವಂತೆ ಮಾಡಿದ್ದೆ. ಬಂದವರು ಗುಂಡಿ ಒತ್ತಿ ಒತ್ತಿ, ಮನೆಯಲ್ಲಿ ಯಾರೂ ಇಲ್ಲವೆಂದು ಹೊರಟುಹೋಗುತ್ತಿದ್ದರು. ಅದನ್ನೂ ನಾನು ಶಾಂತಿ ಎಂದೇ ತಿಳಿದಿದ್ದೆ.

ಇದೆಲ್ಲ ಮೈಕ್ರೋಕಂಟ್ರೋಲರಿನ ಕೃಪೆ. ಅಂಗೈಗಿಂತ ಚಿಕ್ಕದಾದ ಒಂದು ಬೋರ್ಡು. ಕಂಪ್ಯೂಟರಿನಲ್ಲಿ ನಾಲ್ಕು ಸಾಲು ಬರೆದು ಅದಕ್ಕೆ ತುಂಬಿದರೆ ಹೇಳಿದಂತೆ ಕೇಳುತ್ತದೆ. ಕಚೇರಿಯಲ್ಲಿ ನನ್ನ ಮಾತನ್ನು ಯಾರೂ ಕೇಳುತ್ತಿರಲಿಲ್ಲವಾದ್ದರಿಂದ ಇದು ನನಗೆ ಬಹಳ ಹಿಡಿಸಿತ್ತು. ಬೆಸುಗೆ ಹಾಕುವಾಗ ಶಿಬಿರದಲ್ಲಿ ಕಲಿಸಿದಂತೆ ಉಸಿರಿನ ಮೇಲೆ ಗಮನವಿಡುತ್ತಿದ್ದೆ, ಬೆರಳು ಸುಟ್ಟುಕೊಳ್ಳುತ್ತಿದ್ದೆ. ತುಳಸಿಗೆ ನೀರು ಬೇಕಾದರೆ ಕೆಂಪು ದೀಪ ಹತ್ತುವ ಯಂತ್ರವನ್ನೂ ಮಾಡಿದ್ದೆ.

“ಗಿಡಾ ಬಾಡಿದ್ದು ಕಣ್ಣಿಗೇ ಕಾಣತೈತಲ್ರೀ,” ಎಂದಿದ್ದಳು ಹೆಂಡತಿ. “ಊರಿಗೆ ಒಂದು ದಾರಿ ಆದ್ರ ಎಡವಟ್ಟಗ ಒಂದು ದಾರಿ.”

ಮಾವ ತೀರಿಕೊಂಡು, ಅವರ ಮನೆಯ ಮುಂದಿನ ಕೋಣೆಯ ಪವರ್‌ಲೂಮ್ ಮಗ್ಗ ನಿಂತ ಮೇಲೆ ಅತ್ತೆ ನಮ್ಮಲ್ಲಿಗೆ ಬಂದದ್ದು. ಮದುವೆಯಾದಂದಿನಿಂದ ಅವರು ಮಲಗಿದ್ದು ಮಗ್ಗದ ಸದ್ದಿನಲ್ಲೇ. ಅವರ ಓಣಿಯಲ್ಲಿ ಸದ್ದಿಗೆ ಯಾರೂ ಏಳುವುದಿಲ್ಲ. ಕರೆಂಟು ಹೋಗಿ ಮಗ್ಗ ನಿಂತರೆ ತೊಟ್ಟಿಲ ಕೂಸೂ ಎದ್ದು ಅಳುತ್ತದೆ. ಅಂಥವರು ನಾನು ಕಷ್ಟಪಟ್ಟು ಕಟ್ಟಿದ ಮೌನದೊಳಗೆ ಬಂದು ಸಿಕ್ಕಿಕೊಂಡರು. ವಾರ ಕಳೆದರೂ ನಿದ್ದೆಯಿಲ್ಲ. ಊಟ ಸೇರಲಿಲ್ಲ. ಕಣ್ಣು ಗುಳಿಬಿದ್ದವು.

“ಇಲ್ಲಿ ಕಿವಿ ಬರಿದ ಅದಾವ್ರಿ ಅಳಿಯಾರ. ನಿದ್ದಿ ಹತ್ತವಲ್ದು. ನಾ ಊರಿಗೆ ಹೊಕ್ಕೇನಿ. ಮಗ್ಗ ಇದ್ದವರ ಬಾಜೂಕ ಒಂದು ಖೋಲಿ ಹಿಡೀತೇನಿ,” ಎಂದರು.

ಒಬ್ಬರನ್ನೇ ಕಳಿಸುವುದು ಹೇಗೆ? ಹೆಂಡತಿ ನನ್ನ ಮೇಜಿನ ಮುಂದೆ ಬಂದು ನಿಂತಳು. “ಏನೇನೋ ಮಾಡ್ತೀರಿ. ನಮ್ಮವ್ವಗ ಒಂದು ಮಗ್ಗ ಮಾಡ್ರಿ ನೋಡೋಣು.”

ಮರುದಿನವೇ ಬಸ್ಸು ಹತ್ತಿ ಬನಹಟ್ಟಿಗೆ ಹೋದೆ. ಒಂದು ಮಗ್ಗದ ಮನೆಯೆದುರು ಕಣ್ಣು ಮುಚ್ಚಿ ನಿಂತು, ನಿಮಿಷಕ್ಕೆ ಎಷ್ಟು ಏಟು ಎಂದು ಬೆರಳಲ್ಲಿ ಎಣಿಸತೊಡಗಿದೆ. ಕರೆಂಟಿನ ಮೀಟರು ನೋಡಲು ಬಂದವನೆಂದು ಮನೆಯವರು ಮಗ್ಗವನ್ನೇ ನಿಲ್ಲಿಸಿಬಿಟ್ಟರು. “ಸದ್ದು ಕೇಳಾಕ ಬಂದೇನ್ರಿ,” ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ನನ್ನನ್ನು ನೆರಳಲ್ಲಿ ಕೂರಿಸಿ, ತಲೆಗೆ ನೀರು ತಟ್ಟಿ, ಆಮೇಲೆ ಮಗ್ಗ ಶುರುಮಾಡಿದರು.

ಚಪಾತಿ ಲಟ್ಟಿಸುವ ಮಣೆ, ಎರಡು ಕಟ್ಟಿಗೆ ತುಂಡು, ಒಂದು ಸಣ್ಣ ಮೋಟಾರು, ಬೋರ್ಡು. ಭಾನುವಾರ ಮಧ್ಯಾಹ್ನ ಯಂತ್ರ ಖಟ್-ಪಟ್ ಎಂದು ಹೊಡೆಯತೊಡಗಿತು. ಪಕ್ಕದ ಮನೆಯವರು ಗೋಡೆಯಾಚೆಯಿಂದ, “ಮಗ್ಗ ಹಾಕೀರೇನ್ರಿ? ಲುಂಗಿ ಸಿಗತಾವೇನು?” ಎಂದು ಕೇಳಿದರು. ಒಳಕೋಣೆಯಲ್ಲಿ ಮಲಗಿದ್ದ ಅತ್ತೆ ಮಾತ್ರ ಐದೇ ನಿಮಿಷದಲ್ಲಿ ಎದ್ದು ಬಂದರು.

“ಇದು ಮಗ್ಗ ಅಲ್ರಿ, ಗಡಿಯಾರ. ಇದರ ಎಳಿ ಹರಿಯಂಗ ಇಲ್ಲೇನು?”

ತಲೆ ತಗ್ಗಿಸಿದೆ. ನಿಜವಾದ ಮಗ್ಗದಲ್ಲಿ ಆಗಾಗ ನೂಲಿನ ಎಳೆ ಹರಿದು ಮಗ್ಗ ನಿಲ್ಲುತ್ತದೆ, ನೇಕಾರ ಗಂಟು ಹಾಕಿದ ಮೇಲೆ ಮತ್ತೆ ಹೊರಡುತ್ತದೆ. ತಪ್ಪೇ ಇಲ್ಲದ್ದನ್ನು ಮಾಡಿ ಹೆಮ್ಮೆಪಟ್ಟಿದ್ದೆ. ತಪ್ಪೇ ಇಲ್ಲದ್ದನ್ನು ನಂಬಿ ಯಾರು ತಾನೆ ಕಣ್ಣು ಮುಚ್ಚುತ್ತಾರೆ? ಆಗಾಗ, ಮನಸ್ಸಿಗೆ ಬಂದಾಗ, ಯಂತ್ರ ನಿಂತು ತಾನೇ ಮತ್ತೆ ಹೊರಡುವಂತೆ ಹೊಸ ಸಾಲು ಬರೆದೆ. ಕೆಟ್ಟುಹೋಗುವುದನ್ನು ಕಲಿಸಲು ಒಂದು ವಾರ ಹಿಡಿಯಿತು.

ಮುಂದಿನ ಭಾನುವಾರ ಅತ್ತೆ ಮಲಗಿದರು. ಹತ್ತು ನಿಮಿಷ ಖಟ್-ಪಟ್. ಯಂತ್ರ ನಿಂತಿತು. ನಾನು ಬರೆದದ್ದರಲ್ಲಿ ಎಲ್ಲೋ ತಪ್ಪಿತ್ತು. ಅದು ಮತ್ತೆ ಹೊರಡಲೇ ಇಲ್ಲ. ಹಿತ್ತಲಲ್ಲಿ ಕೈ ತೊಳೆಯುತ್ತಿದ್ದ ನಾನು ಓಡಿ ಬರುವಷ್ಟರಲ್ಲಿ ಅತ್ತೆ ಮೇಜಿನ ಮುಂದಿದ್ದರು. ಅರೆನಿದ್ದೆಯಲ್ಲೇ ಎದ್ದು ಬಂದು, ವೈರುಗಳಲ್ಲಿ ಹರಿದ ಎಳೆ ಹುಡುಕಿ, ಕೆಂಪು ವೈರನ್ನೂ ಕಪ್ಪು ವೈರನ್ನೂ ಕಿತ್ತು, ತುದಿಗೆ ತುದಿ ಸೇರಿಸಿ ನೇಕಾರರ ಗಂಟು ಹಾಕಿಬಿಟ್ಟಿದ್ದರು. ಅಷ್ಟು ಚೆಂದದ ಗಂಟನ್ನು ನಾನು ಕಂಡಿರಲಿಲ್ಲ. ಬೋರ್ಡಿನಿಂದ ಹೊಗೆ ಏಳುತ್ತಿತ್ತು.

ನನಗೆ ನಗು ಬಂತು. ಅವರು ಯಂತ್ರ ಹೊರಡುವುದನ್ನೇ ಕಾಯುತ್ತ ನಿಂತಿರುವುದು ಕಂಡು ನಗು ಅಲ್ಲೇ ನಿಂತಿತು.

“ಆವತ್ತೂ ಹಿಂಗ ನಿಂತಿತ್ರಿ,” ಎಂದರು. “ಊಟಾ ಮಾಡಿ ಅಡ್ಡಾಗಿದ್ದೆ. ಎಳಿ ಹರೀತೇನ್ರಿ ಅಂತ ಒಳಗಿಂದ ಕೇಳಿದೆ. ನಿಮ್ಮ ಮಾವಾರು ಮಾತಾಡಲಿಲ್ಲ. ಬಾಯಾಗ ಎಳಿ ಹಿಡದಿರಬೇಕು, ಗಂಟ ಹಾಕಾಕತ್ತಿರಬೇಕು ಅಂದ್ಕೊಂಡೆ. ಈಗ ಸುರು ಆಕ್ಕೈತಿ, ಈಗ ಸುರು ಆಕ್ಕೈತಿ ಅಂತ ಮಲಗೇ ಇದ್ದೆ.”

ಮಾವ ಮಗ್ಗದ ಮುಂದೆಯೇ ತೀರಿಕೊಂಡದ್ದು ನನಗೆ ಗೊತ್ತಿತ್ತು. ಅತ್ತೆ ಹೀಗೆ ಕಾಯುತ್ತ ಮಲಗಿದ್ದರೆಂದು ಗೊತ್ತಿರಲಿಲ್ಲ. ಮೂರು ದಿನ ಕಣ್ಣು ಮುಚ್ಚಿ ಕೂತು ಬಂದವನಿಗೆ, ಒಂದೇ ಸೂರಿನಡಿ ಕಣ್ಣು ಮುಚ್ಚಲಾಗದೆ ಕೂತವರ ಸಂಕಟ ಕಂಡಿರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು.

“ಹೊಸಾದು ತಂದು ಸರಿ ಮಾಡ್ತೇನ್ರಿ ಅತ್ತಿ. ನಿಂತ್ರೂ ತಾನ ಸುರು ಆಕ್ಕೈತಿ.”

“ತಾನ ಹೆಂಗ ಸುರು ಆಕ್ಕೈತ್ರಿ? ಯಾರಾರ ಕಟ್ಟಬೇಕಲ್ಲ.”

ಹೊಸ ಬೋರ್ಡಿಗೆ ಸಾಲು ತುಂಬುವಾಗ, ತಾನೇ ಹೊರಡುವ ಭಾಗವನ್ನು ಅಳಿಸಿಹಾಕಿದೆ. ಅದರ ಜಾಗಕ್ಕೆ ಒಂದು ಗುಂಡಿ ಬಂತು, ಕಿತ್ತಿಟ್ಟ ಬಾಗಿಲ ಗಂಟೆಯದೇ. ಯಂತ್ರ ನಿಂತರೆ ಯಾರಾದರೂ ಅದನ್ನು ಒತ್ತಬೇಕು. ಶಿಬಿರದಲ್ಲಿ ಹತ್ತು ನಿಮಿಷಕ್ಕೆ ಕಾಲು ಜೋಮು ಹಿಡಿಸಿಕೊಂಡವನು, ಈಗ ಭಾನುವಾರ ಮಧ್ಯಾಹ್ನ ಎರಡು ತಾಸು ಒಂದು ಚಪಾತಿ ಮಣೆಯ ಮುಂದೆ ಅಲುಗಾಡದೆ ಕೂರುತ್ತೇನೆ.

ಮೊದಲ ಸಲ ಕೂತ ದಿನ, ಕಾಲು ಗಂಟೆಗೆ ಯಂತ್ರ ನಿಂತಿತು. ಒಳಗಿನಿಂದ ಅತ್ತೆಯ ದನಿ ಬಂತು.

“ಎಳಿ ಹರೀತೇನ್ರಿ?”

“ಹೂಂನ್ರಿ ಅತ್ತಿ, ಕಟ್ಟಾಕತ್ತೇನಿ.”

ಗುಂಡಿ ಒತ್ತಿದೆ. ಖಟ್-ಪಟ್ ಶುರುವಾಯಿತು. ಸ್ವಲ್ಪ ಹೊತ್ತಿಗೆ ಅದರ ಸದ್ದನ್ನೂ ಮೀರಿ ಒಳಗಿನಿಂದ ಗೊರಕೆ ಕೇಳಿಸಿತು.